ಕೋಳಿ ಕುಂಟಿದ್ದು ಯಾಕೆ?

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡಿದರೆ ನೀವೆಲ್ಲ ನಿಶ್ಚಿಂತೆಯಿಂದ ಗೋಡೆಗೆ ಒರಗಿ ಕೂತುಬಿಡುತ್ತೀರಿ. ನಮ್ಮ ಈ ಚರ್ಚಿನ ಸಭೆಯಲ್ಲಿ ಶ್ರೀಮಂತರು ಯಾರಿದ್ದಾರೆ? ಆ ಕಥೆ ಬೇರೆ ಯಾರಿಗೋ ಹೇಳಿದ್ದು, ನಮಗಲ್ಲ ಎಂದು ಸಮಾಧಾನ. ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ಹೆಂಗಸು ಇದ್ದಳು. ಹಿತ್ತಲಲ್ಲಿ ಕೋಳಿ ಸಾಕಿದ್ದಳು. ಈಗ ಹೇಳಿ, ಇದು ಯಾರ ಮನೆಯ ಕಥೆ? ಹೆಸರು ಮಾತ್ರ ಕೇಳಬೇಡಿ. ಹೆಸರು ಹೇಳಿದರೆ ಆರಾಧನೆ ಮುಗಿದ ಕೂಡಲೇ ನೀವು ಆ ಮನೆ ಹುಡುಕಿಕೊಂಡು ಹೊರಡುತ್ತೀರಿ. ನಾನು ಹೇಳಬೇಕೆಂದಿದ್ದ ಮಾತು ಈ ಚಾಪೆಯ ಮೇಲೇ ಉಳಿದುಬಿಡುತ್ತದೆ.

ಆ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಜವಾರಿ ಕೋಳಿ. ಬೆಳಿಗ್ಗೆ ಬುಟ್ಟಿ ಎತ್ತಿದರೆ ಸಾಕು, ಎಲ್ಲ ಮನೆಯ ಕೋಳಿಗಳೂ ಒಂದೇ ತಿಪ್ಪೆ ಕೆದರುತ್ತವೆ. ಸಂಜೆ ಯಾರ ಕೋಳಿ ಯಾವುದು ಎಂದು ತಿಳಿಯುವುದು ಹೇಗೆ? ನಿಮಗೆ ಗೊತ್ತೇ ಇದೆ. ಕಾಲಿಗೆ ಒಂದು ಗುರುತು ಕಟ್ಟುತ್ತಾರೆ. ಒಬ್ಬರದು ಹಸಿರು ಚಿಂದಿ, ಇನ್ನೊಬ್ಬರದು ಹಳದಿ. ನಮ್ಮ ಈ ಹೆಂಗಸಿನದು ಕೆಂಪು. ಅರಿವೆಯ ಚಿಂದಿ ಕೆಸರಿಗೆ ಕೊಳೆತು ಬಿದ್ದುಹೋಗುತ್ತದೆ ಎಂದು ಆಕೆ ನೈಲಾನ್ ದಾರ ಕಟ್ಟುತ್ತಿದ್ದಳು. ಎಳೆಯ ಮರಿ ಇರುವಾಗಲೇ ಕಟ್ಟಿ, ಗಂಟು ಬಿಗಿದು, ಇನ್ನು ಇದು ಜನ್ಮಕ್ಕೆ ಬಿಚ್ಚುವುದಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಆಕೆಗೆ ಒಬ್ಬ ನೆರೆಯವಳು. ನಡುವೆ ಎದೆಮಟ್ಟದ ಗೋಡೆ. ನೆರೆಯವಳು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದಳು. ಅದೇ ಅವಳ ಅನ್ನ. ಒಂದು ಸಲ ಕೋಳಿಯ ಒಡತಿಗೆ ಟೈಫಾಯ್ಡ್ ಆಗಿ ಮಲಗಿದ್ದಾಗ ಇವಳು ದಿನಾ ಗಂಜಿ ಕಾಸಿ ಆ ಗೋಡೆಯ ಮೇಲಿನಿಂದ ದಾಟಿಸುತ್ತಿದ್ದಳಂತೆ. ಗಂಜಿಯ ಜೊತೆಗೆ ಒಂದು ಹೋಳು ಉಪ್ಪಿನಕಾಯಿ ಇಡುವುದನ್ನೂ ಮರೆಯುತ್ತಿರಲಿಲ್ಲ. ನೋಡಿ, ಗಂಜಿ ಎಲ್ಲರೂ ಕೊಡುತ್ತಾರೆ. ಜ್ವರ ಬಂದ ನಾಲಿಗೆಗೆ ರುಚಿ ಇರುವುದಿಲ್ಲ ಎಂದು ಯೋಚಿಸಿ ಉಪ್ಪಿನಕಾಯಿ ಇಡುವವರು ಎಷ್ಟು ಜನ?

ಅಂಥ ನೆರೆಯವಳಿಗೆ ಒಂದೇ ಒಂದು ವಿಷಯಕ್ಕೆ ಸಿಟ್ಟು. ಹಿತ್ತಲಲ್ಲಿ ಆಕೆ ಒಂದಿಷ್ಟು ಮೆಂತ್ಯೆ ಸೊಪ್ಪು ಬಿತ್ತಿದ್ದಳು. ಕೆಂಪು ದಾರದ ಕೋಳಿಯೊಂದು ಗೋಡೆ ಹಾರಿ ಬಂದು ಮೊಳಕೆಯನ್ನೆಲ್ಲ ಕೆದರಿತು. ಒಂದು ದಿನ ಬೆಳಿಗ್ಗೆ ಗೋಡೆಯ ಮೇಲಿಂದ ಆಕೆ ಹೇಳಿದಳು:

"ಯಕ್ಕಾ, ನಿನ್ನ ಕೋಳಿ ಮತ್ತೊಮ್ಮೆ ಬಂತಂದ್ರ ಕಾಲು ಮುರದು ನಿನ್ನ ಕೈಯಾಗ ಕೊಡ್ತೀನಿ ನೋಡು."

ಇಂಥ ಮಾತು ನಾವು ದಿನಾ ಆಡುತ್ತೇವೆ. ಮಕ್ಕಳಿಗೆ ಚರ್ಮ ಸುಲಿಯುತ್ತೇನೆ ಎನ್ನುತ್ತೇವೆ. ಯಾರಾದರೂ ಸುಲಿದಿದ್ದೇವೆಯೇ? ಆದರೆ ಮಾತು ಮಾತೇ. ಕೆಲವು ದಿನ ಕಳೆದು ಅದೇ ಕೋಳಿ ಕುಂಟತೊಡಗಿತು.

ಮೊದಲ ದಿನ ಸ್ವಲ್ಪ. ಎಡಗಾಲು ಊರಿದ ಕೂಡಲೇ ಬಿಸಿ ಕೆಂಡ ತುಳಿದ ಹಾಗೆ ಎತ್ತಿಕೊಳ್ಳುತ್ತಿತ್ತು. ಆಮೇಲೆ ಒಂಟಿಕಾಲಲ್ಲಿ ನಿಲ್ಲತೊಡಗಿತು. ಕಾಳು ಎರಚಿದರೆ ಬೇರೆ ಕೋಳಿಗಳು ಓಡಿ ಬರುತ್ತಿದ್ದವು, ಇದು ಬಂದು ಮುಟ್ಟುವಷ್ಟರಲ್ಲಿ ನೆಲ ಬರಿದು. ಒಡತಿ ಏನು ಮಾಡಬೇಕಿತ್ತು? ಹಿಡಿದು, ಮಡಿಲಲ್ಲಿ ಹಾಕಿಕೊಂಡು, ಕಾಲು ನೋಡಬೇಕಿತ್ತು. ಪಾದದ ಅಡಿಯಲ್ಲಿ ಮುಳ್ಳು ಇದೆಯೇ, ಗಂಟು ಬಾತಿದೆಯೇ, ಯಾವ ಜಾಗ ಬಿಸಿ, ಯಾವ ಜಾಗ ತಣ್ಣಗೆ, ಮುಟ್ಟಿದರೆ ಎಲ್ಲಿ ಕೊಸರುತ್ತದೆ, ಇದನ್ನೆಲ್ಲ ನೋಡಬೇಕಿತ್ತು. ಆಕೆ ನೋಡಿದ್ದೇನು? ಗೋಡೆಯ ಆಚೆ ನೋಡಿದಳು.

ಏನಾಯಿತು ಎಂಬ ಪ್ರಶ್ನೆ ಆಕೆಯ ಮನಸ್ಸಿಗೆ ಬರಲೇ ಇಲ್ಲ. ಯಾರು ಮಾಡಿದರು ಎಂಬ ಪ್ರಶ್ನೆ ಬಂತು. ಬರುವಾಗಲೇ ಉತ್ತರವನ್ನೂ ಕೈಹಿಡಿದು ಕರೆತಂದಿತು.

ಮರುದಿನ ನಳದ ಕಟ್ಟೆಯ ಮೇಲೆ, ಕೊಡಗಳ ಸಾಲಿನಲ್ಲಿ ನಿಂತು, ನೆರೆಯವಳು ಕಲ್ಲು ಒಗೆದು ತನ್ನ ಕೋಳಿಯ ತೊಡೆ ಮುರಿದಳು ಎಂದು ಹೇಳಿದಳು. ನೀನು ಕಂಡೆಯಾ ಎಂದು ಯಾರೂ ಕೇಳಲಿಲ್ಲ. ಕೇಳಿದವರು ಅಯ್ಯೋ ಅಂದರು. ಹಾಗೆ ಅಂದವರು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿದರು. ಮೂಕ ಜೀವಕ್ಕೆ ಕಲ್ಲು ಒಗೆಯುವವಳ ಕೈಗೆ ನಮ್ಮ ಅರಿವೆ ಕೊಡುವುದು ಹೇಗೆ ಎಂದು ಒಬ್ಬಳು ತನ್ನ ಕುಪ್ಪಸದ ಬಟ್ಟೆ ವಾಪಸು ತಂದಳು. ಅವಳನ್ನು ನೋಡಿ ಇನ್ನೊಬ್ಬಳು. ನೆರೆಯವಳ ಹೊಲಿಗೆ ಯಂತ್ರದ ಸದ್ದು ಕಡಿಮೆಯಾಗುತ್ತ ಬಂತು. ಆಕೆ ನಾನಲ್ಲ ಎಂದಳು. ನಾನಲ್ಲ ಎನ್ನುವವರನ್ನು ಯಾರು ನಂಬುತ್ತಾರೆ? ಕೊನೆಗೆ ಎಲ್ಲರೂ ನೀರು ತುಂಬಿಕೊಂಡು ಹೋದ ಮೇಲೆ ಒಬ್ಬಳೇ ಬಂದು ಉಳಿದ ಸಣ್ಣ ಧಾರೆಗೆ ಕೊಡ ಇಡತೊಡಗಿದಳು.

ಇತ್ತ ಒಡತಿ, ಪೆಟ್ಟು ಬಿದ್ದದ್ದು ತೊಡೆಗೆ ಎಂದು ತಾನೇ ತೀರ್ಮಾನಿಸಿದ್ದಳಲ್ಲ, ತೊಡೆಗೇ ಬಿಸಿ ಎಣ್ಣೆ ಸವರಿದಳು. ಅರಿಶಿನ ಹಚ್ಚಿದಳು. ಕುಂಟು ಹೆಚ್ಚಾಯಿತು. ಹೆಚ್ಚಾಗದೆ ಏನಾಗುತ್ತದೆ? ನೋವು ಒಂದು ಕಡೆ, ಔಷಧ ಒಂದು ಕಡೆ. ಮನೆಯಲ್ಲಿ ಗಂಡ, ಇನ್ನು ಇದನ್ನು ನೋಯಿಸುವುದು ಬೇಡ, ರವಿವಾರ ಸಾರು ಮಾಡಿಬಿಡು ಎಂದ. ಆಕೆ ಒಪ್ಪಲಿಲ್ಲ. ಕೋಳಿಯ ಮೇಲೆ ಪ್ರೀತಿ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಓಣಿಯ ಹಿರಿಯರನ್ನು ಕರೆದು, ಗಾಯ ತೋರಿಸಿ, ನೆರೆಯವಳ ಬಾಯಿಂದ ತಪ್ಪಾಯಿತು ಎನ್ನಿಸಬೇಕಿತ್ತು. ಸಾರಾದ ಕೋಳಿಯಲ್ಲಿ ಗಾಯ ಎಲ್ಲಿ ತೋರಿಸುವುದು?

ಹಿರಿಯರು ಬರುವ ದಿನ ಮಧ್ಯಾಹ್ನ ಆಕೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕಾಲು ತೊಳೆಯಲು ಕೂತಳು. ಪ್ರಿಯರೇ, ಯಾತಕ್ಕೆ ತೊಳೆದಳು ಎಂಬುದನ್ನು ಗಮನಿಸಿ. ವಾಸಿ ಮಾಡಲಿಕ್ಕಲ್ಲ. ಕಲ್ಲಿನ ಪೆಟ್ಟು ಚೆನ್ನಾಗಿ ಕಾಣಲಿ ಎಂದು. ತೊಡೆಯ ಗರಿ ಸರಿಸಿದಳು: ಚರ್ಮ ನುಣ್ಣಗೆ, ಒಂದು ಗೀರೂ ಇಲ್ಲ. ಮೊಣಕಾಲು ಮಡಚಿದಳು, ಕೋಳಿ ಸುಮ್ಮನಿತ್ತು. ಕೆಳಗೆ ಬಂದಳು. ಕಣಕಾಲಿನ ಬಳಿ ಮಣ್ಣು, ಹಿಕ್ಕೆ, ಒಣಗಿ ಗಟ್ಟಿಯಾಗಿತ್ತು. ಬೆಚ್ಚನೆಯ ನೀರಲ್ಲಿ ನೆನೆಸಿ ಬೆರಳಿಂದ ಉಜ್ಜಿದಳು. ಅಲ್ಲಿ ಕೋಳಿ ಕೊಸರಿತು. ಮಣ್ಣು ಬಿಟ್ಟಿತು. ಅದರ ಕೆಳಗೆ ಕಾಲು ಮೇಲೆಯೂ ಬಾತು, ಕೆಳಗೆಯೂ ಬಾತು, ನಡುವೆ ಹಗ್ಗ ಬಿಗಿದ ಮೂಟೆಯ ಹಾಗೆ ಒಂದು ಸೀಳು. ಸೀಳಿನ ಆಳದಲ್ಲಿ ಕೆಂಪು ಎಳೆ.

ರಕ್ತ ಎಂದುಕೊಂಡಳು. ಉಗುರಿನಿಂದ ಮುಟ್ಟಿದಳು. ದಾರ.

ಮರಿಯಾಗಿದ್ದಾಗ ಕಟ್ಟಿದ್ದು. ಮರಿ ಬೆಳೆಯಿತು, ಕಾಲು ಬೆಳೆಯಿತು. ದಾರ ಬೆಳೆಯುತ್ತದೆಯೇ?

ಈಗ ಆಕೆಯ ಮುಂದೆ ಎರಡು ದಾರಿ ಇದ್ದವು: ಒಪ್ಪಿಕೊಳ್ಳುವುದು, ಇಲ್ಲವೇ ಮುಚ್ಚಿಡುವುದು. ಗುಟ್ಟಾಗಿ ಕಿತ್ತು ಒಲೆಗೆ ಹಾಕಿದರೆ ಕಂಡವರಿಲ್ಲ. ಆಕೆಯೂ ಅದನ್ನೇ ಮಾಡಲು ಹೋದಳು. ಅದಕ್ಕಾಗಿ ನಾನು ಆಕೆಯನ್ನು ಬೈಯುವುದಿಲ್ಲ. ನಾವೂ ಮೊದಲು ಅದನ್ನೇ ಮಾಡುತ್ತಿದ್ದೆವು. ಆದರೆ ಕೋಳಿ ಬಿಡಬೇಕಲ್ಲ! ಒಂದು ಕೈಯಲ್ಲಿ ಹಿಡಿದರೆ ರೆಕ್ಕೆ ಬಡಿಯುತ್ತದೆ, ಎರಡು ಕೈಯಲ್ಲಿ ಹಿಡಿದರೆ ಕತ್ತರಿಸುವವರು ಯಾರು? ಮನೆಯ ಈಳಿಗೆ ಆ ಸೀಳಿನೊಳಗೆ ಹೋಗುವುದಿಲ್ಲ. ಸಣ್ಣ ಮೊನೆಯ ಕತ್ತರಿ ಬೇಕು, ನಡುಗದ ಕೈ ಬೇಕು. ಮಧ್ಯಾಹ್ನದ ಹೊತ್ತು, ಓಣಿಯಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ. ಅಂಥ ಕತ್ತರಿ, ಅಂಥ ಕೈ ಇರುವುದು ಒಂದೇ ಮನೆಯಲ್ಲಿ.

ಕೋಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನೆರೆಯವಳ ಬಾಗಿಲಲ್ಲಿ ನಿಂತಳು. ನೆರೆಯವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

"ಸಣ್ಣ ಕತ್ತರಿ ಬೇಕಾಗಿತ್ತು."

"ಕಲ್ಲು ಒಗಿಯಾಕಿ ಮನಿಗೆ ಕತ್ತರಿ ಕೇಳಾಕ ಬಂದೀಯೇನು?"

ಒಡತಿ ಕೋಳಿಯ ಕಾಲನ್ನು ಸೆರಗಿನಿಂದ ಹೊರಗೆ ಹಿಡಿದಳು. ನೆರೆಯವಳು ನೋಡಿದಳು. ದಾರದ ಬಣ್ಣ ಯಾರ ಮನೆಯದು ಎಂದು ಓಣಿಯ ಸಣ್ಣ ಮಗುವಿಗೂ ಗೊತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಗಳಿಗೆಯಲ್ಲಿ ನೆರೆಯವಳ ಜಾಗದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ಕೂಗಬಹುದಿತ್ತು. ಹಿರಿಯರು ಬರಲಿ, ಅವರ ಮುಂದೆಯೇ ತೋರಿಸು ಎನ್ನಬಹುದಿತ್ತು. ನ್ಯಾಯ ಆಕೆಯ ಕಡೆಗೇ ಇತ್ತು. ಆಕೆ ಎದ್ದು ನೀರು ಕಾಯಿಸಲಿಟ್ಟಳು, ಅದಕ್ಕೆ ಉಪ್ಪು ಹಾಕಿದಳು. ಕತ್ತರಿಯನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದಳು. ಒಂದು ಮೆತ್ತನೆಯ ಬಟ್ಟೆಯ ತುಂಡನ್ನು ಕೋಳಿಯ ಕಣ್ಣಿನ ಮೇಲೆ ಹೊದಿಸಿದಳು. ಕತ್ತಲಾದರೆ ಕೋಳಿ ಹೆದರುವುದಿಲ್ಲ.

"ದಾರ ನಂದ," ಎಂದಳು ಒಡತಿ.

"ಕಾಣತೈತಿ. ಮೊದಲ ಕಾಲು ಗಟ್ಟಿ ಹಿಡಿ. ಕೋಳಿ ಕಾಲು ಹಿಡಿ, ನನ್ನ ಕಾಲಲ್ಲ."

ಬೆಚ್ಚನೆಯ ಉಪ್ಪುನೀರಲ್ಲಿ ಕಾಲು ನೆನೆದು ಮೆತ್ತಗಾಯಿತು. ಆಕೆ ಅವಸರ ಮಾಡಲಿಲ್ಲ. ಎಳೆಯನ್ನು ಸೂಜಿಯ ಹಿಂಬದಿಯಿಂದ ಸ್ವಲ್ಪ ಎತ್ತಿ, ಕತ್ತರಿಯ ಮೊನೆ ತೂರಿಸಿ, ಒಂದು ಕಡೆ ತುಂಡರಿಸಿದಳು, ತೊಳೆದಳು, ಮತ್ತೆ ನೆನೆಸಿದಳು, ಇನ್ನೊಂದು ಕಡೆ ತುಂಡರಿಸಿದಳು. ಕೊನೆಯ ಎಳೆ ಬಂದಾಗ ಕೋಳಿ ಒಮ್ಮೆ ನಡುಗಿ, ಬೆರಳುಗಳನ್ನು ಅಗಲಿಸಿತಂತೆ. ಅರಿಶಿನ ಹಚ್ಚಿ, ಸಡಿಲವಾಗಿ, ತುಂಬಾ ಸಡಿಲವಾಗಿ, ಶುಚಿಯಾದ ಬಟ್ಟೆ ಸುತ್ತಿದರು. ನಾಳೆ ದನದ ಡಾಕ್ಟರಿಗೆ ತೋರಿಸು, ಅಲ್ಲಿಯವರೆಗೆ ಒಣ ಹುಲ್ಲಿನ ಮೇಲೆ ಕೂರಿಸು, ಬೇರೆ ಕೋಳಿ ಕುಕ್ಕದ ಹಾಗೆ ಬುಟ್ಟಿ ಮುಚ್ಚಿಡು ಎಂದಳು ನೆರೆಯವಳು. ಒಡತಿ ತಲೆಯಾಡಿಸಿ ಎದ್ದಳು. ಹೊಸಿಲು ದಾಟುವಾಗ ನೆರೆಯವಳು ಒಂದು ಮಾತು ಹೇಳಿದಳು. ಅದಕ್ಕಾಗಿಯೇ ನಾನು ಇಷ್ಟು ದೂರ ನಿಮ್ಮನ್ನು ಕರೆತಂದೆ.

"ಕೋಳಿ ಬಿಡಕ್ಕಾ, ಅದು ಹೊಳ್ಳಿ ನಡೀತೈತಿ. ನಳದ ಕಟ್ಟಿ ಮ್ಯಾಲೆ ನೀ ಬಿಟ್ಟ ಮಾತು ಒಂಚೂರೂ ಕುಂಟಲಾರದ ಊರೆಲ್ಲಾ ಅಡ್ಡಾಡಾಕತ್ತೈತಿ. ಅದನ್ನ ಹಿಡಿಯಾರು ಯಾರು?"

ಒಡತಿ ಸಂಜೆ ಹಿರಿಯರಿಗೆ ನಡೆದದ್ದನ್ನು ನಡೆದಂತೆ ಹೇಳಿದಳು. ಹಿರಿಯರು ಚಹಾ ಕುಡಿದು ಹೋದರು. ಅದು ಸುಲಭದ ಕೆಲಸ. ಮರುದಿನ ಬೆಳಿಗ್ಗೆ ನಳದ ಕಟ್ಟೆಗೆ ಹೋಗಿ, ಕೊಡಗಳ ನಡುವೆ ನಿಂತು, ಕಲ್ಲೂ ಇಲ್ಲ, ಒಗೆದವರೂ ಇಲ್ಲ, ಕೋಳಿಯ ಕಾಲು ಕೊಯ್ದದ್ದು ನಾನು ಕಟ್ಟಿದ ದಾರ ಎಂದು ಗಟ್ಟಿಯಾಗಿ ಹೇಳಿದಳು. ಏನಾಯಿತು ಗೊತ್ತೇ? ಒಬ್ಬಳು ಕೊಡ ಕೆಳಗಿಟ್ಟು ಕೇಳಿದಳು:

"ಹಂಗಾರ ಕಲ್ಲು ಒಗದಾಕಿ ಯಾರು?"

"ಕಲ್ಲ ಇರಲಿಲ್ಲವ್ವಾ."

"ಇರಲಿಲ್ಲ ಅಂದ್ರ ಹೆಂಗ? ನೀನ ಹೇಳಿದ್ದಿಯಲ್ಲಾ?"

ನಗುತ್ತೀರಿ. ನಗಿ. ಆದರೆ ಆ ಹೆಂಗಸು ನಗಲಿಲ್ಲ. ಒಂದು ಮುಂಜಾನೆ ಹೇಳಿದ ಸುಳ್ಳನ್ನು ಅಳಿಸಲು ಆಕೆ ಮನೆಮನೆಗೆ ಹೋಗಬೇಕಾಯಿತು. ಕೆಲವರು ನಂಬಿದರು. ಕೆಲವರು, ನೆರೆಯವಳೇ ಹೆದರಿಸಿ ಹೀಗೆ ಹೇಳಿಸುತ್ತಿದ್ದಾಳೆ ಎಂದರು. ಆಕೆ ತನ್ನ ಹೊಸ ಕುಪ್ಪಸದ ಬಟ್ಟೆಯನ್ನು ಎಲ್ಲರೂ ಬಾಗಿಲಲ್ಲಿ ಕೂತಿರುವ ಹೊತ್ತು ನೋಡಿ, ಕೈಯಲ್ಲಿ ಬಿಡಿಸಿ ಹಿಡಿದುಕೊಂಡು, ನೆರೆಯವಳ ಮನೆಗೆ ಒಯ್ದಳು. ಮೆಲ್ಲಗೆ ಒಬ್ಬೊಬ್ಬರೇ ಹಿಂದಿನಿಂದ ಬಂದರು. ಎಲ್ಲರೂ ಬರಲಿಲ್ಲ. ಕೋಳಿ ವಾಸಿಯಾಯಿತು, ಒಂದು ಬೆರಳು ಮಾತ್ರ ಹಾಗೇ ಸೆಟೆದುಕೊಂಡು ಉಳಿಯಿತು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಮೊದಲನೆಯದಾಗಿ, ಕೋಳಿ ಸಾಕಿದವರು ಮನೆಗೆ ಹೋದ ಕೂಡಲೇ ಕೋಳಿಯ ಕಾಲು ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮರಿಗೆ ಕಟ್ಟಿದ್ದನ್ನು ಬಿಚ್ಚಿ, ದೊಡ್ಡದಕ್ಕೆ ಸಡಿಲವಾಗಿ ಕಟ್ಟಿ. ದೇವರು ನಮ್ಮ ಕೈಗೆ ಕೊಟ್ಟ ಜೀವ ಅದು, ಅದಕ್ಕೆ ಬಾಯಿಲ್ಲ. ಇನ್ನು ಬಾಯಿ ಇರುವವರ ಮಾತು. ನಿಮ್ಮ ಮನೆಯಲ್ಲಿ ಏನಾದರೂ ಕುಂಟಿದಾಗ, ಮಗನ ಓದು ಕುಂಟಲಿ, ಸೊಸೆಯ ನಗು ಕುಂಟಲಿ, ಯಾರು ಮಾಡಿದರು ಎಂದು ಕೇಳುವ ಮೊದಲು ಏನಾಗಿದೆ ಎಂದು ನೋಡಿ. ಹತ್ತಿರ ಕೂತು, ತೊಳೆದು, ಕೈಯಿಂದ ಮುಟ್ಟಿ ನೋಡಿ. ಸಿಕ್ಕುವುದು ನಿಮ್ಮದೇ ದಾರವಾದರೆ ಮುಚ್ಚಿಡಬೇಡಿ. ಯಾರ ಹೆಸರನ್ನಾದರೂ ಕೆಡಿಸಿದ್ದರೆ, ಮನಸ್ಸಿನಲ್ಲಿ ಪ್ರಾರ್ಥನೆ ಮಾಡಿಕೊಂಡರೆ ಸಾಲದು. ಎಲ್ಲಿ ನಿಂತು ಆ ಮಾತು ಹೇಳಿದಿರೋ ಅಲ್ಲೇ ನಿಂತು, ಎಷ್ಟು ಗಟ್ಟಿಯಾಗಿ ಹೇಳಿದಿರೋ ಅಷ್ಟೇ ಗಟ್ಟಿಯಾಗಿ, ಅದು ಸುಳ್ಳು ಎನ್ನಬೇಕು.

ಕೊನೆಯದಾಗಿ ಒಂದು. ಕಿಟಕಿಯ ಪಕ್ಕದ ಆ ಜಾಗ ನೋಡಿ. ಕೆಲವು ವಾರಗಳಿಂದ ಖಾಲಿ ಇದೆ. ಅಲ್ಲಿ ಕೂರುತ್ತಿದ್ದವಳು ಯಾಕೆ ಬರುತ್ತಿಲ್ಲ ಎಂದು ನಾನು ಕೇಳಿದೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದಿರಿ, ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಆಕೆಯ ಮನೆಗೆ ಹೋಗಿ ಕೇಳಿದ್ದು ಯಾರು? ನಾನು ಮೊನ್ನೆ ಹೋಗಿದ್ದೆ. ನೀವು ಹೇಳಿದ ಯಾವ ಕಾರಣವೂ ಅಲ್ಲ. ಏನೆಂದು ನಾನು ಹೇಳುವುದಿಲ್ಲ. ಇವತ್ತು ಊಟಕ್ಕೆ ಮೊದಲು ನೀವೇ ಹೋಗಿ ಆಕೆಯ ಬಾಯಿಂದ ಕೇಳಿ. ಮೊನ್ನೆ ಆಕೆಯ ಮನೆಯಲ್ಲಿ ನಾನು ಚಹಾ ಕುಡಿದು ಏಳುವಷ್ಟರಲ್ಲಿ ಆಕೆ, ರೂತಮ್ಮನ ಕಣ್ಣಿನ ಆಪರೇಷನ್ ಆಯಿತೇ ಎಂದು ಕೇಳಿದಳು. ಕೃಪಾವತಿಯ ಮಗಳು ಪಾಸಾದಳೇ ಎಂದಳು. ಹೀಗೆ ಈ ಚಾಪೆಯ ಮೇಲೆ ಕೂತಿರುವ ನಿಮ್ಮೆಲ್ಲರನ್ನೂ, ಒಬ್ಬರನ್ನೂ ಬಿಡದೆ, ಹೆಸರು ಹಿಡಿದು ಚೆನ್ನಾಗಿದ್ದಾರೆಯೇ ಎಂದು ಕೇಳಿದಳು.