ಕಾಗದದ ಕುನಾಲ

…ನಗು, ನಗು. ಉಗಾರದಿಂದ ಎರಡು ಬಸ್ ಬದಲಿ ಮಾಡಿ ನಿಮ್ಮ ಪಾಲಬಾವಿತನಕ ನಾನು ನಿನ್ನ ನಗಸಾಕ ಬಂದೇನಿ ಅಂತ ತಿಳಿದೀಯೇನು? ನಿನ್ನೆ ನಿಮ್ಮವ್ವ ಫೋನಿನ್ಯಾಗ ಅಳಾಕತ್ತಿದ್ದಳು. "ಗೌರಾಬಾಯರ, ಬರೋ ಐತವಾರದ ನಿಶ್ಚಯಾ ಬ್ಯಾಡ ಅನ್ನಾಕತ್ತಾಳರಿ ನಮ್ಮ ದೀಪಾಲಿ. ಮನಸು ಬ್ಯಾರೆಯವನ ಮ್ಯಾಲ ಐತಿ ಅಂತಾಳ." ಯಾರ್ರಿ ಅವ, ಯಾವ ಊರಾಂವ ಅಂತ ಕೇಳಿದರ, "ಪುಸ್ತಕದಾಗಿನವನಂತರಿ" ಅಂದ್ಲು. ಹಾಂ! ಈಗ ನೀ ನಗತಿ, ಆಗ ನಾನೂ ನಕ್ಕೆ. ನಕ್ಕು, ಪೇಢಾ ಕಟ್ಟಿಸಿಕೊಂಡು ಬಸ್ ಹತ್ತಿದೆ.

ಆ ಬಾಗಿಲಾ ಮುಂದ ಮಾಡು. ನಿಮ್ಮವ್ವ ಚಹಾಕ್ಕ ಇಡಾಕ ಹೋಗ್ಯಾಳ, ಕಿವಿ ಮಾತ್ರ ಇಲ್ಲೇ ಬಿಟ್ಟು ಹೋಗ್ಯಾಳ. ಕುಂದರು. ಪೇಢಾ ತಗೋ. ಒಲ್ಲೇನು? ನಾನು ತಿಂತೀನಿ ಬಿಡು.

ನೋಡು ನಮ್ಮವ್ವಾ, ಕಾಗದದ ಗಂಡಸು ಚೆಂದ ಇರತಾನ. ಯಾಕ ಇರಬಾರದು? ಅವಗ ಅವ್ವ ಇಲ್ಲ, ಅಪ್ಪ ಇಲ್ಲ. ಇದ್ದರೂ ಮೂರನೇ ಅಧ್ಯಾಯದಾಗ ಸತ್ತಿರತಾರ. ಅವನ ಅಂಗಿ ಯಾರು ಒಗೀತಾರೋ ಯಾರಿಗೂ ಗೊತ್ತಿಲ್ಲ, ಆದರ ಯಾವಾಗ ನೋಡಿದರೂ ಇಸ್ತ್ರಿ. ಮುನ್ನೂರು ಪುಟದಾಗ ಒಮ್ಮೆ ತೇಗಂಗಿಲ್ಲ, ಒಮ್ಮೆ ಸೀನಂಗಿಲ್ಲ, ಹೊಟ್ಟಿ ಕೆಟ್ಟು ಒಮ್ಮೆ ಚರಿಗಿ ಹಿಡಕೊಂಡು ಓಡಂಗಿಲ್ಲ. ಇಂಥವನ ಮುಂದ ನಮ್ಮ ಹುಡುಗನ್ನ ನಿಲ್ಲಿಸಿದರ ಹೆಂಗ? ನಮ್ಮ ಕುನಾಲ ಕಾರ್ಖಾನ್ಯಾಗ ಕಬ್ಬಿನ ಗಾಡಿ ತೂಗಾವ. ಮನಿಗೆ ಬಂದರ ಮೈಯೆಲ್ಲಾ ಕಬ್ಬಿನ ಹಾಲಿನ ಹುಳಿ ವಾಸನಿ. ನಿನ್ನ ನೋಡಾಕ ಬಂದಾಗ ಎರಡು ಮಾತು ಆಡಿದ, ಎರಡೂ "ಹೂಂ" ಅಂತ. ನನಗ ಗೊತ್ತೈತಿ. ನಾನು ಅವನ ಸ್ವಾದರತ್ತಿ, ಅವರಪ್ಪನ ತಂಗಿ, ನನಗ ಗೊತ್ತಿರಲಾರದ ಯಾರಿಗೆ ಗೊತ್ತಿರತೈತಿ? ಆದರ ಕೈ ಚಾಚಿದರ ಕೈಗೆ ಸಿಗತಾನ ಯವ್ವಾ. ಪುಸ್ತಕದಾಂವ ಸಿಗತಾನೇನು?

ಫೋನ್ ಯಾಕ ತೋರಸ್ತಿ?

ಓ… ಮೆಸೇಜ್. ಮೆಸೇಜಿನ್ಯಾಗ ಅವ "ಹೂಂ" ಅನ್ನಂಗಿಲ್ಲ ಅಂತೀಯಾ? ಅದು ಖರೆ. ನಿಶ್ಚಯ ಆಗೂತನಕ ಮಾತಿಲ್ಲ, ಬರೇ ಮೆಸೇಜ್ ಅಂತ ನಿಮ್ಮಪ್ಪ ಕಾಯ್ದೆ ಮಾಡ್ಯಾನ, ಎರಡು ತಿಂಗಳಾತು. ಒಳ್ಳೇದಽ ಆತು. ಕೆಲವರು ಬಾಯಿಲೆ ಮೂಕರು, ಬೆರಳಿಲೆ ಪಂಡಿತರು. ಚಲೋ ಬರೀತಾನ ಹೌದಿಲ್ಲೋ? "ನೀವು ನಕ್ಕಾಗ ಕೃಷ್ಣೆ ಒಂದು ಕ್ಷಣ ಹರಿಯುವುದನ್ನು ಮರೆಯುತ್ತಾಳೆ." ಇವತ್ತಿನ ದಿನದಾಗ ಯಾವ ಹುಡುಗ ಬರೀತಾನ ಇಂಥಾದ್ದು? ಇಂಥಾ ಹುಡುಗನ್ನ ಬಿಟ್ಟು…

ಯಾಕ ಹಂಗ ನೋಡ್ತಿ? ನನಗ ಹೆಂಗ ಗೊತ್ತು ಅಂದರ… ಅವನಽ ತೋರಿಸಿದ. ಸ್ವಾದರತ್ತಿಗೆ ತೋರಸ್ದ ಇನ್ಯಾರಿಗೆ ತೋರಸ್ತಾನ? ಒಂದಽ ತೋರಿಸಿದ. ಬಾಕಿ ಯಾವುದೂ ನಾನು ನೋಡಿಲ್ಲ.

ಮಾತು ತಪ್ಪಿಸಬ್ಯಾಡ ನೀ. ನಾನು ಬುದ್ಧಿ ಹೇಳಾಕ ಬಂದಾಕಿ. ಈ ರೋಗಾ ನನಗೂ ಬಂದು ಹೋಗೇತಿ, ಅದಕ್ಕಽ ನಾನಽ ಬಂದೇನಿ. ಹೌದು, ನನಗ! ಐವತ್ತೆರಡು ವರ್ಷದ ಅಂಗನವಾಡಿ ಟೀಚರ್ ಅಂದರ ಹುಟ್ಟುತ್ಲೇ ಹುಡುಗರ ಮೂಗು ಒರಸ್ಕೋತ ಹುಟ್ಟ್ಯಾಳ ಅಂತ ತಿಳಿದೀಯೇನು? ನಾನೂ ಇಪ್ಪತ್ತರಾಗ ಇದ್ದೆ. ಅಥಣ್ಯಾಗ ಬಸ್‌ಸ್ಟ್ಯಾಂಡ್ ಹಿಂದ ಬಾಳಾಸಾಬ ಅನ್ನಾವನದು ಬಾಡಿಗಿ ಪುಸ್ತಕದ ಅಂಗಡಿ ಇತ್ತು. ಕಾಲೇಜಿಗೆ ಹೋಗಿ ಬರೂಮುಂದ ಒಂದು ಕಾದಂಬರಿ ತಗೊಂಡೆ. ಅದರಾಗ ಒಬ್ಬ ಇಂಜಿನಿಯರ್, ನದಿಗೆ ಪೂಲು ಕಟ್ಟಾಕ ಬಂದಾಂವ. ಮಾತಾಡೂಕಿಂತ ಮೊದಲ ಚಷ್ಮಾ ತಗೀತಿದ್ದ, ಕರವಸ್ತ್ರಲೆ ನಿಧಾನ ಒರಸ್ತಿದ್ದ, ಹಾಕ್ಕೋತಿದ್ದ, ಆಮ್ಯಾಲ ಒಂದು ಮಾತು. ಒಂದಽ. ಆ ಮಾತು ಓದಿದ ದಿನಾ ನಾನು ಅನ್ನಕ್ಕ ಉಪ್ಪು ಹಾಕಿದೆನೋ ಇಲ್ಲೋ ನೆನಪಿಲ್ಲ. ನಮ್ಮಣ್ಣ ಊಟಾ ಮಾಡಿ ಎರಡು ಚರಿಗಿ ನೀರು ಕುಡದ ಅಂದರ ಎರಡು ಸಲ ಹಾಕಿರಬೇಕು.

ನಗು. ಮುಂದಿಂದು ಕೇಳಿ ನಗು.

ಮೂರು ವರ ಬಂದು ಹೋದವು. ಒಬ್ಬಾಂವ ಕಾಗವಾಡದಾಂವ, ಭಾಳ ಮಾತಾಡಿದ, ಒಲ್ಲೆ ಅಂದೆ. ಇನ್ನೊಬ್ಬಾಂವ ಮಾತಾಡಲೇ ಇಲ್ಲ, ಅವನ್ನೂ ಒಲ್ಲೆ ಅಂದೆ. ಮೂರನೇದಾಂವ ನಿಪ್ಪಾಣಿಯಿಂದ ಬಂದ. ಚಷ್ಮಾ ಹಾಕಿದ್ದ! ಉಪ್ಪಿಟ್ಟಿನ ತಾಟು ಅವಗ ಕೊಡೂದು ಬಿಟ್ಟು ನಮ್ಮಣ್ಣನ ಕೈಯಾಗ ಕೊಟ್ಟೆ. ಅವ ಚಷ್ಮಾ ತಗದ. ನನ್ನ ಜೀವಾ ಬಾಯಿಗೆ ಬಂತು. ತಗದು, ಅಂಗಿ ಚುಂಗಿಲೆ ಮೂಗು ಒರಸ್ಕೊಂಡ, ಅದಽ ಚುಂಗಿಲೆ ಚಷ್ಮಾ ಒರಸಿದ, ಹಾಕ್ಕೊಂಡು "ಹುಡುಗಿಗೆ ಹಿಂಡಾಕ ಬರತೈತೇನು?" ಅಂದ. ನಮ್ಮ ಮನ್ಯಾಗ ಎರಡು ಎಮ್ಮಿ ಇದ್ದವು, ದಿನಾ ನಾನಽ ಹಿಂಡತಿದ್ದೆ. ಬರಂಗಿಲ್ಲ ಅಂದೆ. ಎಮ್ಮಿ ಮುಂದ ನಿಂತು ಸುಳ್ಳು ಹೇಳಿದೆ.

ಆಮ್ಯಾಲ ಯಾರೂ ಬರಲಿಲ್ಲ. ಬಂದ ವರಾ ಎಲ್ಲಾ ಒಲ್ಲೆ ಅನ್ನೂ ಚಾಳಿ ಇದ್ದ ಹುಡುಗಿ ಅಂತ ಹೆಸರಾತು. ಈಗ ತಿಳೀತೇನು, ನಾನು ಯಾಕ ಓಡಿಬಂದೇನಿ? ನಿನ್ನ ಗತಿ ನನ್ನಂಗ ಆಗಬಾರದು. ಆ ಪುಸ್ತಕಾ ನಾನು ಹಂಡೇದ ಒಲ್ಯಾಗ ಹಾಕಿ ಸುಟ್ಟೆ. ಮೂವತ್ತು ವರ್ಷಾತು, ಅದರಾಗಿನ ಒಂದು ಅಕ್ಷರಾನೂ ನೆನಪಿಲ್ಲ ನನಗ.

ಅವನ ಹೆಸರಾ? ನಿನಗ ಯಾಕ ಬೇಕು ಅವನ ಹೆಸರು? ಮರತೇನಿ.

ಏನು ಹುಡಕತಿ ದಿಂಬಿನ ಬುಡಕ? ಏನದು… ತಾ ಇಲ್ಲೆ.

ಅಯ್ಯ.

ದೋಣಿ ಚಿತ್ರದ್ದು. ಅದಽ ಹೊದಿಕಿ. ಎಲ್ಲಿ ಸಿಕ್ತು ನಿನಗ? ನಿಮ್ಮ ಪಂಚಾಯ್ತಿ ಲೈಬ್ರರಿ ಶಿಕ್ಕಾ ಐತಿ. ನಾನು ತಿಳಿದಿದ್ದೆ ಲೋಕದಾಗ ಇದು ಒಂದಽ ಉಳದೈತಿ ಅಂತ, ನನ್ನ ಟ್ರಂಕಿನ್ಯಾ… ಹೌದು. ಸುಟ್ಟಿಲ್ಲ. ಬಾಳಾಸಾಬಗ ತಿರುಗಿ ಕೊಡಲೂ ಇಲ್ಲ. ಕಳದೈತಿ ಅಂತ ಹೇಳಿ ದಂಡಾ ಕಟ್ಟಿದೆ. ಇರಲಿ, ಬೆರಳು ತಗಿ, ಕಾಣತೈತಿ ನನಗ. ನೂರಾ ಹನ್ನೆರಡನೇ ಪುಟ. "ನೀನು ನಕ್ಕಾಗ ನದಿ ಒಂದು ಕ್ಷಣ ಹರಿಯುವುದನ್ನು ಮರೆಯುತ್ತದೆ." ಆದರ ನೋಡು, ಇಲ್ಲಿ "ನದಿ" ಅಂತ ಐತಿ. "ಕೃಷ್ಣೆ" ಅಂತ ಇಲ್ಲ. "ನೀನು" ಅಂತ ಐತಿ, "ನೀವು" ಅಂತ ಇಲ್ಲ. ಅಂದಮ್ಯಾಲ ಅದು ಇದಲ್ಲ.

ಹಂಗ ನೋಡಬ್ಯಾಡ. ಹೆಸರೂ ಓದೀ ಅಂದಂಗಾತು. ಕುನಾಲ. ಹೌದವ್ವಾ, ಪೂಲು ಕಟ್ಟಾವನ ಹೆಸರೂ ಕುನಾಲ.

ನಮ್ಮಣ್ಣನ ಮಗನ್ನ ತೊಟ್ಟಿಲಿಗೆ ಹಾಕಿದ ದಿನಾ ಹೆಸರಿಡೂದು ನನ್ನ ಪಾಳಿ. ಸ್ವಾದರತ್ತಿ ಕಿವ್ಯಾಗ ಹೇಳಬೇಕಲ್ಲ. ನಮ್ಮಜ್ಜನ ಹೆಸರು ಗೊತ್ತು ಮಾಡಿದ್ದರು, ವಿರುಪಾಕ್ಷಪ್ಪ ಅಂತ. ನನ್ನ ಬಾಯಾಗೂ ಅದಽ ಇತ್ತು, ನಿಮ್ಮ ಮನಿದೇವರಾಣಿ. ತೊಟ್ಟಿಲಾಗ ಬಗ್ಗಿದೆ, ಕುರ್ರ್ ಅಂದೆ. ಹಿಂದ ಹೆಂಗಸರು ರೂಢಿಯಂಗ ಬೆನ್ನಿಗೆ ಗುದ್ದು ಹಾಕಿದರು. ನಮ್ಮ ಓಣಿ ಹೆಂಗಸರ ಗುದ್ದು ಅಂದರ ಸಣ್ಣದಲ್ಲ. ಗುದ್ದಿದ ಪೆಟ್ಟಿಗೆ ಒಳಗಿದ್ದಾಂವ ಹೊರಗ ಬಿದ್ದ. ಕುನಾಲ! ಅದೂ ಜೋರಾಗಿ. ಕಿವ್ಯಾಗ ಬಿದ್ದ ಹೆಸರು ತಿರುಗಿ ತಗಿಯಾಕ ಬರಂಗಿಲ್ಲ. ನಮ್ಮಪ್ಪ ಮೂರು ದಿನಾ ನನ್ನ ಕೂಡ ಮಾತು ಬಿಟ್ಟ. ನಾನು ಅಡಗಿ ಮನ್ಯಾಗ ಕುಂತು ಸೆರಗು ಬಾಯಾಗ ಇಟ್ಕೊಂಡು ನಕ್ಕೆ.

ಅಷ್ಟಽ ಆದದ್ದು. ಹೆಸರು ಒಂದಽ. ಇನ್ನ ಆ ಸಾಲು… ಹುಡುಗ ನನ್ನ ಟ್ರಂಕ್ ತಗದು ಓದಿರಬೇಕು. ತನ್ನ ಹೆಸರಿನ ಹೀರೋ ಅಂತ ಖುಷಿಯಾಗಿ ಕದ್ದು ಬರದಿರಬೇಕು. ಅದಕ್ಕೊಂದು ಸಿಟ್ಟು ಮಾಡ್ಕೊಂಡು ಮದುವಿ ಮುರೀತಾರೇನು? ಪ್ರೀತಿ ಮಾಡಾಂವ ಎಲ್ಲಿಂದರೆ ಕದೀತಾನ.

ಯಾರಿಗೆ ಬರಿಯಾಕತ್ತಿ? ಅವಗಾ? ಬರಿ, ಬರಿ. ಅವನ್ನಽ ಕೇಳು. ಡ್ಯೂಟಿ ಮ್ಯಾಲ ಅದಾನ, ಉತ್ತರಾ ಬರಾಕ ತಡಾ ಆದೀತು…

…

ಹೊರಗ ಯಾರದೋ ಫೋನ್ ಇರಬೇಕು.

ಇನ್ನೊಂದು ಕಳಸಬ್ಯಾಡ ದೀಪಾಲಿ. ಕೇಳಿತು. ನನ್ನ ಚೀಲದಾಗಽ ಐತಿ.

ನನ್ನ ಫೋನಿನ್ಯಾಗಿನ ಎರಡನೇ ಸಿಮ್. ನಿಮ್ಮಪ್ಪ ಹುಡುಗನ ನಂಬರ್ ಕೇಳಿದಾಗ ಕುನಾಲ ನನ್ನ ಮಾರಿ ನೋಡಿ ಬಾಜೂಕ ಕರದ. "ಅತ್ತಿ, ಅಕಿ ಬಿ.ಎ. ಮಾಡಿದಾಕಿ, ನನಗ ಬರಿಯಾಕ ಬರಂಗಿಲ್ಲ, ಎರಡು ದಿನಾ ನೀ ಸಂಭಾಳಸು" ಅಂದ. ಎರಡು ದಿನಾ ಅಂದಿದ್ದ. ಎರಡು ತಿಂಗಳು ಮಾಡಿದಾಕಿ ನಾನು. ದಿನಾ ಡ್ಯೂಟಿಯಿಂದ ಬಂದು ಕೇಳತಾನ, "ಅತ್ತಿ, ಏನಂದ್ಲು?" ನಾನು "ಆರಾಮ ಅದಾಳಂತ" ಅಂತೀನಿ. ನೀ ಎರಡು ಪುಟದಷ್ಟು ಬರದಿರ್ತಿ. ನಾನು "ಆರಾಮ ಅದಾಳಂತ" ಅಂತೀನಿ.

ಅವನೂ ಹೇಳಿದ್ದ, ಇದೊಂದು ಬರಿ ಅಂತ. ಮೊದಲನೇ ವಾರದಾಗಽ. "ಅವರ ಹೊಲಕ್ಕ ತ್ರೀ ಫೇಜ್ ಕರೆಂಟ್ ಯಾವಾಗ ಬಿಡತಾರ ಕೇಳತ್ತಿ. ಅವರಪ್ಪ ಕತ್ತಲಾಗ ಒಬ್ಬಾವನಽ ನೀರು ಬಿಡಾಕ ಹೋಗೂದಿದ್ದರ ಒಂದು ಚಲೋ ಬ್ಯಾಟರಿ ತಗೊಂಡೇನಿ, ಹೆಂಗ ಕಳಸ್ಲಿ ಕೇಳು" ಅಂದ. ನಾನು ಬರೀಲಿಲ್ಲ. ಯಾವ ಪುಸ್ತಕದಾಗ ಹೀರೋ ತ್ರೀ ಫೇಜ್ ಕೇಳ್ಯಾನ, ನೀನಽ ಹೇಳು? ಆ ಬ್ಯಾಟರಿ ಇನ್ನೂ ಡಬ್ಬ್ಯಾಗಽ ಐತಿ, ನಮ್ಮ ಮಾಡದಾಗ.

ಯಾಕ… ಅಳಾಕತ್ತೀಯೇನು? ಕೃಷ್ಣೆ ಹರಿಯೂದು ಮರತದ್ದಕ್ಕ ಕಣ್ಣಾಗ ನೀರು ಬರಲಿಲ್ಲ, ತ್ರೀ ಫೇಜಿಗೆ ಬಂತಾ?

ತಡಿ. ಏನು ಕಳಿಸಿ ನೋಡ್ತೀನಿ. ಚಷ್ಮಾ ಮಬ್ಬಾಗೇತಿ, ಒರಸ್ಕೋತೀನಿ. …ಹೌದು, ಹಿಂಗಽ ಒರಸ್ತಿದ್ದ. ಅವನ ರೂಢಿ, ನನಗ ಹತ್ತೇತಿ. ನಗಬ್ಯಾಡ.

"ಅತ್ತಿ, ಈ ನಂಬರ್ ಅವರ ಕೈಯಾಗ ಕೊಡ್ರಿ."

ಅಂದರ ನಿನಗ ಗೊತ್ತಿತ್ತು. ಕೃಷ್ಣೆ ಸಾಲು ನನ್ನ ಬಾಯಿಂದ ಬಿದ್ದಾಗಽ ಗೊತ್ತಾಗಿತ್ತು. ನಾನು ಎಮ್ಮಿ, ವರ, ಒಲಿ, ಬೂದಿ ಎಲ್ಲಾ ಹೇಳಿದೆ, ಸುಮ್ಮನ ಕೇಳ್ಕೋತ ಕುಂತಿ.

ಕೊಡ್ತೀನಿ. ಇವತ್ತ ಸಂಜಿಕ್ಕ ಕೊಡ್ತೀನಿ. ತ್ರೀ ಫೇಜ್ ಅವನಽ ಕೇಳಲಿ. ಬೇಕಾದಷ್ಟು ಕಾಗುಣಿತ ತಪ್ಪು ಇರತಾವ, ನೀ ತಿದ್ದಬ್ಯಾಡ.

ಏನು ನೋಡ್ತಿ ಇನ್ನೂ? ಎಲ್ಲಾ ಹೇಳಿದೆನಲ್ಲ. ಇನ್ನೇನೂ ಇಲ್ಲ.

…ಐತಿ. ಕದ್ದದ್ದು ಆ ಸಾಲುಗೋಳು ಅಲ್ಲ ನಾನು. ನೀ ಕೊಟ್ಟ ಉತ್ತರ ಕದ್ದೆ. ಮೂವತ್ತು ವರ್ಷ ಆ ಪುಸ್ತಕಾ ಓದೇನಿ, ಅವ ಮಾತಾಡಾಂವ, ನಾನು ಕೇಳಾಕಿ. ತಿರುಗಿ ಮಾತಾಡಾಕ ಅದರಾಗ ಜಾಗಾ ಇಲ್ಲ. ನೀ ಮೊದಲನೇ ಸಲ "ನಿಮ್ಮ ಮಾತು ಓದಿ ನಿದ್ದಿ ಬರಲಿಲ್ಲ" ಅಂತ ಬರದಿ ನೋಡು… ಅಂಗನವಾಡ್ಯಾಗ ಹುಡುಗರಿಗೆ ತತ್ತಿ ಸುಲಕೋತ ಕುಂತಿದ್ದೆ. ಸುಲದ ತತ್ತಿ ಬಿಟ್ಟು ಸಿಪ್ಪಿ ತಾಟಿನ್ಯಾಗ ಇಟ್ಟೆ. ಹುಡುಗರೆಲ್ಲಾ ನಕ್ಕವು. ಬುದ್ಧಿ ಹೇಳಾಕ ಬಂದಾಕಿ ನಾನು, ನಾನು!

ಚಹಾ ತಂದ್ಲು ನಿಮ್ಮವ್ವ, ಗಾಜಿನ ಸಪ್ಪಳಾ ಬಂತು. ಮಾರಿ ಒರಸ್ಕೋ. ಐತವಾರ ನಿಶ್ಚಯಾ ಐತಿ ಅಂತ ನೀನಽ ಹೇಳು ಅಕಿಗೆ. ಬ್ಯಾಟರಿ ನಾನಽ ತರ್ತೀನಿ ಅವತ್ತ.

ಮತ್ತ… ಆ ನಂಬರ್ ಇನ್ನ ಅವನದಾತು. ನನ್ನ ಹಳೇ ನಂಬರ್ ಹೇಳ್ತೀನಿ, ಬರಕೋ. ಮದುವಿ ಆದಮ್ಯಾಲ ಒಂದಽ ಮನ್ಯಾಗ ಇರತೇವಿ, ಗೊತ್ತೈತಿ. ಆದರೂ ಬರಕೋ. ಯಾವಾಗರೆ ಒಮ್ಮೆ ಏನರೆ ಬರಿ. ಊಟಾತೇನು ಅಂತ ಬರದರೂ ಸಾಕು. ಪುಸ್ತಕಾ ನೋಡ್ಲಾರದಽ ಉತ್ತರಾ ಕೊಡ್ತೀನಿ.