ಹಳದಿ ಪಟ್ಟಿ

ಅಲ್ಲ ಕಣೇ ರಮ್ಯಾ, ನೀನು ಆರನೇ ಕ್ಲಾಸು, ನಿನಗೆ ಓದೋಕೆ ಬರುತ್ತೆ, ಆ ಬೋರ್ಡ್ ಇನ್ನೊಂದ್ಸಲ ಓದು. ಏನಿದೆ? ‘ಗರುಡ ರೈಡ್, ಇಲ್ಲಿಂದ ಹತ್ತು ನಿಮಿಷ’. ಹತ್ತು ನಿಮಿಷ ಅಂತೆ. ನಾವು ಈ ಬೋರ್ಡ್ ಹತ್ರ ಬಂದಾಗ ಮೂರೂವರೆ. ಈಗ ನೋಡು, ನಾಲ್ಕೂ ಇಪ್ಪತ್ತು. ಇನ್ನೂ ಇದೇ ಕಂಬಿ, ಇದೇ ಬೋರ್ಡು, ಕೈ ಚಾಚಿದ್ರೆ ಸಿಗುತ್ತೆ. ಇದನ್ನ ಬರೆದೋನ ಗಡಿಯಾರ ಯಾವ ದೇಶದ್ದೋ.

ಯಾಕೆ ನಗ್ತೀಯ? ನಗ್ಲಿಲ್ವಾ... ಸರಿ. ನಕ್ಕಂಗೆ ಕಾಣ್ತು.

ಹದಿನಾಲ್ಕು ವರ್ಷ ಆಯ್ತು ನಾನು ಕಂಡಕ್ಟರ್ ಆಗಿ. ಕೆಂಗೇರಿಯಿಂದ ಮಾರ್ಕೆಟ್, ಮಾರ್ಕೆಟ್ಟಿಂದ ಕೆಂಗೇರಿ. ನಾನೇನು ಜನ ಕಾಣದೋನಲ್ಲ. ಗೌರಿ ಹಬ್ಬದ ಹಿಂದಿನ ದಿನ ಬಾಪೂಜಿ ನಗರದ ಸ್ಟಾಪಲ್ಲಿ ನೋಡ್ಬೇಕು ನೀನು, ಬಾಳೆಕಂದು ಹಿಡ್ಕೊಂಡು ಒಂದು ಕಾಲು ಫುಟ್‌ಬೋರ್ಡ್ ಮೇಲೆ, ಇನ್ನೊಂದು ಕಾಲು ಗಾಳೀಲಿ. ಆದ್ರೂ ಬಸ್ಸು ಮುಂದಕ್ಕೆ ಹೋಗುತ್ತೆ ಕಣೇ. ಹೋಗುತ್ತೆ. ಈ ಆಟದ ಪಾರ್ಕಲ್ಲಿ ಮೊದ್ಲೇ ದುಡ್ಡು ಕಿತ್ಕೊಂಡು, ಕುರಿ ತುಂಬಿದಂಗೆ ತುಂಬಿ, ನಿಂತ್ಕೊಳ್ಳಿ ಅಂತಾರೆ. ನನ್ನ ಬಸ್ಸಲ್ಲಿ ಹಿಂಗೆ ಮಾಡಿದ್ರೆ ನನ್ನ ಶರ್ಟಿಗೆ ಕಾಲರ್ ಇರ್ತಿರ್ಲಿಲ್ಲ.

ಅಗೋ, ಮುಂದಿನೋನು ನೋಡು. ಕ್ಯೂಗೆ ಬಂದಾಗಿಂದ ಮೊಬೈಲಲ್ಲಿ ಹಾವಿನ ಆಟ ಆಡ್ತಿದ್ದ. ಬ್ಯಾಟ್ರಿ ಹೋಯ್ತು. ಈಗ ಕಂಬಿ ಎಣಿಸ್ತಿದಾನೆ.

ಹೊಟ್ಟೆ ಹಸೀತಾ? ಇಲ್ವಾ? ನನಗೆ ಹಸೀತು. ನಿಮ್ಮಮ್ಮ ಐದು ಗಂಟೆಗೆ ಎದ್ದು ಚಿತ್ರಾನ್ನ ಕಲಸಿ ಕೊಟ್ಳು. ಗೇಟಲ್ಲಿ ಆ ಸೆಕ್ಯೂರಿಟಿಯೋನು ಡಬ್ಬಿ ಇಸ್ಕೊಂಡು ಟೋಕನ್ ಕೊಟ್ಟ. ಹೊರಗಿನ ಊಟ ಬಿಡಲ್ಲ, ಸಂಜೆ ಹೋಗ್ತಾ ತಗೊಂಡು ಹೋಗಿ ಅಂತ. ಚಿತ್ರಾನ್ನಕ್ಕೆ ಟೋಕನ್. ಸಂಜೆಗೆ ಅದು ಹಳಸಿರುತ್ತೆ, ಟೋಕನ್ ಮಾತ್ರ ಚೆನ್ನಾಗಿರುತ್ತೆ. ಒಳಗಡೆ ಮೂರು ಪೂರಿ ತಿಂದ್ವಲ್ಲ, ಆ ದುಡ್ಡಲ್ಲಿ ಮನೇಲಿ ವಾರ ಪೂರ್ತಿ ಪೂರಿ ಕರೀಬಹುದು. ಇನ್ನು ರೈಡು... ದೋಣಿ ರಿಪೇರಿಯಂತೆ. ದೆವ್ವದ ಮನೆಗೆ ಬೀಗ. ಅಲೆ ಬರೋ ಕೊಳಕ್ಕೆ ಹೋದ್ರೆ ಅಲ್ಲಿ ಗಂಟೆಗೊಂದ್ಸಲ, ಅದೂ ಹತ್ತೇ ನಿಮಿಷ, ನಮ್ಮ ಉಪನಗರಕ್ಕೆ ಕಾವೇರಿ ನೀರು ಬಿಟ್ಟಂಗೆ ಬಿಡ್ತಾರೆ. ಹೋದ ವರ್ಷ ಹಿಂಗಿರ್ಲಿಲ್ಲ. ಜಾಗ ಅಷ್ಟೇ ಇದೆ, ಆಟ ಕಮ್ಮಿ ಆಗಿದೆ, ಜನ ಮೂರು ಪಟ್ಟು, ಟಿಕೆಟ್ ರೇಟ್ ಮಾತ್ರ ನಿನಗಿಂತ ಜೋರಾಗಿ ಬೆಳೆದಿದೆ.

ಅಲ್ಲ... ನೀನೂ ಬೆಳೆದಿದೀಯ. ಬೆಳೆದಿಲ್ಲ ಅಂತ ಯಾರಂದ್ರು?

ಹೋದ ವರ್ಷ ಇದೇ ಗರುಡನ ಮುಂದೆ, ಎರಡು ಬೆರಳು ಕಮ್ಮಿ ಇದಾಳೆ ಅಂತ ವಾಪಸ್ ಕಳಿಸಿದ್ರಲ್ಲ ನಿನ್ನ. ಮನೆ ಸೇರೋವರ್ಗೂ ಬಸ್ಸಲ್ಲಿ ಅತ್ತೆ. ಆವತ್ತು ನಾನೇ ಹೇಳಿದ್ದು, ಬೆಳಿ ಮಗಳೇ, ಬೆಳೆದ ದಿನ ಕರ್ಕೊಂಡು ಬರ್ತೀನಿ ಅಂತ. ಮರೆತಿಲ್ಲ. ಅಡುಗೆಮನೆ ಬಾಗಿಲ ತುಂಬ ಪೆನ್ಸಿಲ್ ಗೆರೆ ಎಳೆದೆ, ಓನರ್ ಆಂಟಿ ಬಂದು ನಿಮ್ಮಮ್ಮನ್ನ ಬೈದ್ರು. ಮೊಟ್ಟೆ ಕಂಡ್ರೆ ಮೂಗು ಮುಚ್ಕೊಳ್ಳೋಳು ದಿನಕ್ಕೊಂದು ತಿಂದೆ. ಯುಗಾದಿ ದಿನ ಅಳೆದ್ರೆ ಮೂರು ಬೆರಳು ಜಾಸ್ತಿ. ಬೀದಿಗೆಲ್ಲ ಹೇಳ್ಕೊಂಡು ಬಂದೆಯಲ್ಲ...

ಬನ್ನಿ ಅಮ್ಮಾ, ಬನ್ನಿ. ನಿಮ್ಮೋರು ಮುಂದೆ ಇದಾರಾ? ಪರವಾಗಿಲ್ಲ, ಹೋಗಿ ಸೇರ್ಕೊಳ್ಳಿ. ಹಾಂ, ಆ ಇಬ್ಬರೂ ಹೋಗ್ಲಿ.

ಪಾಪ ಕಣೇ, ಕುರುಬರಹಳ್ಳಿಯಿಂದ ಬಂದಿದಾರಂತೆ. ಹಂಗ್ಯಾಕೆ ನೋಡ್ತೀಯ? ಮನುಷ್ಯ ಅಂದ್ಮೇಲೆ ಸ್ವಲ್ಪ... ಏನದು ಬೆರಳು? ಹತ್ತು... ಇನ್ನೊಂದು? ಹನ್ನೊಂದಾ? ಹನ್ನೊಂದು ಜನಾನ ಮುಂದೆ ಬಿಟ್ನಾ ನಾನು? ಆ ಕಾಲೇಜ್ ಹುಡುಗ್ರನ್ನೂ ಸೇರಿಸ್ಕೊಂಡೆಯಾ? ಅವರು ನುಗ್ಗಿದ್ದು, ನಾನು ಬಿಟ್ಟಿದ್ದಲ್ಲ. ಆಯ್ತು, ಹೋಗ್ರಪ್ಪ ಅಂದೆ. ಅಂದೆ, ಏನೀಗ?

ನೋಡು, ಐದು ಗಂಟೆಗೆ ಗರುಡ ನಿಲ್ಲಿಸಿಬಿಡ್ತಾರಂತೆ. ಅಷ್ಟರೊಳಗೆ ನಮಗೆ ಸಿಗದೆ ಹೋದ್ರೆ ಅದು ನಿನ್ನ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ. ಜನ ಈ ಥರ ಮುಗಿಬಿದ್ರೆ ಯಾರೇನು ಮಾಡೋಕಾಗುತ್ತೆ? ಮುಂದಿನ ವರ್ಷ ಬರೋಣ. ಬೆಳಿಗ್ಗೆ ಬೇಗ ಬರೋಣ.

ಮಾತಾಡು ಏನಾದ್ರೂ. ಬೆಳಿಗ್ಗೆಯಿಂದ ಬಾಯಿಗೆ ಬೀಗ ಹಾಕ್ಕೊಂಡಿದೀಯ.

ಆ ಕಡೆ ನೋಡು, ಎಕ್ಸ್‌ಪ್ರೆಸ್ ಟಿಕೆಟ್ಟೋರು. ಬಂದ್ರು, ಹತ್ತಿದ್ರು, ನಮ್ಮ ಬೆವರು ಆರೋದ್ರೊಳಗೆ ಇಳಿದೂ ಬಂದ್ರು. ಡಬಲ್ ದುಡ್ಡು ಕೊಟ್ರೆ ಕ್ಯೂ ಇಲ್ಲ. ನನಗೆ ಮೈ ಉರಿಯೋದೇ ಇಂಥಾದ್ದಕ್ಕೆ. ನಿಯಮ ಅಂದ್ರೆ ಎಲ್ಲಾರಿಗೂ ಒಂದೇ ಇರ್ಬೇಕು. ನನ್ನ ಬಸ್ಸಲ್ಲಿ ಬಾಗಿಲ ಹತ್ರ ಹಾಫ್ ಟಿಕೆಟ್ಟಿನ ಗೆರೆ ಇದೆಯಲ್ಲ, ಅಲ್ಲಿ ಹುಡುಗ್ರನ್ನ ನಿಲ್ಲಿಸಿ ನೋಡ್ತೀನಿ. ಎಂಥೆಂಥ ಅಪ್ಪಂದ್ರು ಬರ್ತಾರೆ ಅಂತೀಯ. ಇಸ್ತ್ರಿ ಪ್ಯಾಂಟ್ ಹಾಕಿರ್ತಾರೆ, ಮಗನ್ನ ಮೆಲ್ಲಗೆ ಚಿವುಟಿ ಮಂಡಿ ಬಗ್ಗಿಸು ಅಂತಾರೆ. ನಾನು ರೇಗಲ್ಲ, ಬೈಯಲ್ಲ. ಒಂದೇ ಮಾತು ಹೇಳೋದು, ನೆಟ್ಟಗೆ ನಿಲ್ಲು ಮಗಾ ಅಂತ. ಅಷ್ಟಕ್ಕೇ ಆ ಅಪ್ಪಂದ್ರ ಮುಖ...

ಯಾಕೆ ಆ ಕಡೆ ತಿರುಗ್ದೆ?

ರಮ್ಯಾ. ಕೈ ಯಾಕೆ ಬೆನ್ನ ಹಿಂದೆ? ಮಣಿಕಟ್ಟಿಗೆ ಕರ್ಚೀಫ್ ಯಾಕೆ ಸುತ್ಕೊಂಡಿದೀಯ, ಕಂಬಿ ತಾಗಿ ಗಾಯ ಆಯ್ತಾ? ತೋರ್ಸು. ತೋರ್ಸು ಅಂದ್ರೆ...

ಗಾಯ ಇಲ್ಲ. ಪಟ್ಟಿ ಮುಚ್ಕೊಂಡಿದೀಯ.

ಬೇಡ ಬಿಡು. ಸುತ್ಕೋ.

ಹಳದಿ ಆದ್ರೇನು, ಕೆಂಪಾದ್ರೇನು? ಅಳತೆಗಿಂತ ಕುಳ್ಳಗಿರೋ ಮಕ್ಕಳ ಟಿಕೆಟ್ಟಿಗೆ ಹಳದಿ ಪಟ್ಟಿ ಕಟ್ತಾರೆ, ದೊಡ್ಡೋರಿಗೆ ಕೆಂಪು, ನನ್ನ ಕೈ ನೋಡು. ಬರೀ ಬಣ್ಣ ಅಂದ್ಕೊಂಡಿದ್ದೆ ಕಣೇ ನಾನು, ನಿಮ್ಮಮ್ಮನ ಆಣೆ. ರೇಟ್ ಬೋರ್ಡ್ ನೋಡಿ ತಲೆ ಕೆಟ್ಟುಹೋಯ್ತು. ದುಡ್ಡು ಇರ್ಲಿಲ್ಲ ಅಂತಲ್ಲ, ಇತ್ತು, ಈಗ್ಲೂ ಜೇಬಲ್ಲೇ ಇದೆ. ಹಿಂಗೆ ಸುಲಿಯೋರ ಹತ್ರ ನಾವ್ಯಾಕೆ ಸಾಚಾ ಆಗಿರ್ಬೇಕು ಅಂತ ಒಂದು ಸಿಟ್ಟು ಬಂತು. ಒಂದೇ ಗಳಿಗೆ. ಆಮೇಲೆ ನೀರು ತರೋಕೆ ಹೋದಾಗ ಆ ಮುಂದಿರೋ ಬೋರ್ಡ್ ನೋಡಿದೆ. ಹಳದಿ ಪಟ್ಟಿಯೋರಿಗೆ ಗರುಡ ಇಲ್ಲ ಅಂತ.

ಏನು? ತಲೆ ಆಡಿಸ್ತೀಯ... ನಿನಗೆ ಗೊತ್ತಾ? ನೀನೂ ಓದಿದ್ಯಾ? ಯಾವಾಗ?

ಬೆಳಿಗ್ಗೇನಾ.

ಗೊತ್ತಿದ್ದೂ ನನ್ನ ಜೊತೆ ನಿಂತೆಯಾ? ನಾನು ಜನಾನ ಮುಂದೆ ಬಿಡ್ತಿದ್ದಾಗ್ಲೂ, ಗೊತ್ತಿದ್ದೂ... ಒಂದು ಮಾತು ಕೇಳ್ಬಾರ್ದಿತ್ತಾ? ಅಪ್ಪಾ ಯಾಕೆ ಹಂಗೆ ಮಾಡಿಸ್ದೆ ಅಂತ ಅಲ್ಲೇ ಕೇಳಿದ್ರೆ...

ಏನು ಕೂಗ್ತಿದಾನೆ ಆ ರೈಡಿನೋನು ಅಲ್ಲಿ? ಎರಡು ಸೀಟ್ ಖಾಲಿ ಇದೆ, ಇಬ್ಬರೇ ಇರೋರು ಬನ್ನಿ ಅಂತಿದಾನಾ? ನಮ್ಮನ್ನಲ್ಲ ಬಿಡು. ನಮ್ಮನ್ನೇ ತೋರಿಸ್ತಿದಾನಲ್ಲ. ಇಲ್ಲ ಸಾರ್, ಬೇರೆಯೋರನ್ನ ಕರೀರಿ... ಏ, ತಳ್ಳಬೇಡ್ರೀ. ಹೋಗ್ತೀವಿ, ತಳ್ಳಬೇಡಿ. ರಮ್ಯಾ, ಬಾ ಈ ಕಡೆ, ಐಸ್‌ಕ್ರೀಮ್ ತಿನ್ನೋಣ ಬಾ. ರಮ್ಯಾ, ಎಲ್ಲಿ ಹೋಗ್ತೀಯ? ನಿಲ್ಲು, ನಾನೂ ಬಂದೆ...

ಹಾಂ ಸಾರ್, ಮಗಳು. ಅಳತೆ ಕೋಲಿಗೆ ನಿಲ್ಲಬೇಕಾ? ನಿಲ್ತಾಳೆ. ಇಲ್ಲ ಇಲ್ಲ, ಕುಳ್ಳಿ ಅಲ್ಲ ಸಾರ್ ಅವಳು. ಒಂದ್ನಿಮಿಷ. ಹೇಗೆ ಕಮ್ಮಿ ಬರುತ್ತೆ, ಮನೇಲಿ ಅಳೆದಿದೀವಿ, ಬಾಗಿಲ ಮೇಲೆ ಗೆರೆ ಇದೆ, ಮೂರು ಬೆರಳು...

ರಮ್ಯಾ. ಮಂಡಿ ಯಾಕೆ ಬಗ್ಗಿಸಿದೀಯ?

ಈಗ ನಾನು ಹೇಳ್ಲಿಲ್ವಲ್ಲ. ಚಿವುಟಲಿಲ್ವಲ್ಲ ಕಂದಾ. ಹಳದಿ ಪಟ್ಟಿಗೆ ಸರಿಹೋಗ್ಲಿ ಅಂತಾನಾ? ನಿಮ್ಮಪ್ಪ ಸಿಕ್ಕಿಹಾಕ್ಕೋಬಾರ್ದು ಅಂತಾನಾ? ಒಂದು ವರ್ಷ ಬೆಳೆದು ಬಂದು, ಅಷ್ಟು ಮೊಟ್ಟೆ ತಿಂದು... ನನ್ನ ಕಡೆ ನೋಡು. ನನ್ನ ಮರ್ಯಾದೆ ನಾನು ನೋಡ್ಕೋತೀನಿ.

ಸಾರ್, ವಾಪಸ್ ಕಳಿಸ್ಬೇಡಿ ಸಾರ್ ಅವಳನ್ನ. ಅವಳದ್ದೇನೂ ಇಲ್ಲ. ಟಿಕೆಟ್ ಕೌಂಟರಲ್ಲಿ ನಾನೇ ಬಗ್ಗು ಅಂದಿದ್ದು. ಚಿವುಟಿ ಹೇಳಿದೆ. ನಾನು ಕಂಡಕ್ಟರ್ ಸಾರ್, ಹದಿನಾಲ್ಕು ವರ್ಷದಿಂದ. ಹೂಂ, ನಗಿ, ನೀವು ನಗಬೇಕಾದ್ದೇ. ಪೂರ್ತಿ ಟಿಕೆಟ್ ತಗೋತೀನಿ, ದಂಡ ಇದ್ರೆ ಅದನ್ನೂ ಕಟ್ತೀನಿ. ಕೌಂಟರಿಗೆ ಹೋಗಿ ಪಟ್ಟಿ ಬದಲಾಯಿಸ್ಕೊಂಡು ಬರ್ಬೇಕಾ? ಓಡ್ತೀನಿ. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಅದಕ್ಕೆ ಮುಂಚೆ ನೀವು ಅವಳನ್ನ ಇಲ್ಲೇ ಒಂದ್ಸಲ ಅಳೀರಿ. ಸರಿಯಾಗಿ ಅಳೀರಿ.

ರಮ್ಯಾ, ಸಾರ್ ನೋಡ್ಲಿ. ಹಿಂದೆ ನಿಂತಿರೋರೂ ಎಲ್ಲಾರೂ ನೋಡ್ಲಿ.

ನೆಟ್ಟಗೆ ನಿಲ್ಲು ಮಗಾ.