ಟೇಪಿನ ಆ ತುದಿ

ಸಂಜೆ ಐದಕ್ಕೆ ಹಿಡಿದ ಮಳೆ ಆರೂವರೆಯಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ತಾತನ ಹೊರಕೋಣೆಯಲ್ಲಿ ಮೇಣದಬತ್ತಿ ಹಚ್ಚಿಕೊಂಡು, ಮೊಮ್ಮಗಳೂ ಅವಳ ಗಂಡನೂ ಅರ್ಧ ಅಡಿಗಾಗಿ ಜಗಳ ಕಾಯುತ್ತಿದ್ದರು. ಕೊಳ್ಳಬೇಕೆಂದಿದ್ದ ಮನೆಯ ಅಡುಗೆಮನೆ ಗೋಡೆಯಿಂದ ಉಗ್ರಾಣದ ಕೊನೆ ಗೋಡೆಯವರೆಗೆ ಇಪ್ಪತ್ತೂವರೆ ಅಡಿ, ನಾನೇ ಅಳೆದಿದ್ದೇನೆ ಎಂದು ಅವಳು. ನಕ್ಷೆಯಲ್ಲಿ ಇಪ್ಪತ್ತೇ ಇದೆಯಲ್ಲ ಎಂದು ಅವನು.

"ಆ ಅರ್ಧ ಅಡಿ ಕಟ್ಕೊಂಡು ಏನ್ ಮಾಡ್ತೀಯೇ? ಹೇಗೂ ಕೆಡವ್ತೀವಲ್ಲ. ನಾವು ದುಡ್ಡು ಕೊಡ್ತಿರೋದು ಜಾಗಕ್ಕೆ, ಮನೆ ಫ್ರೀ."

ನಾಳೆ ಬೆಳಿಗ್ಗೆ ಮುಂಗಡ ಕೊಡುವ ಮಾತಾಗಿತ್ತು. ಕೆಡವುವವನೂ ಆಗಲೇ ಬಂದು ನೋಡಿಕೊಳ್ಳುತ್ತೇನೆ ಎಂದಿದ್ದ. ಮೊಮ್ಮಗಳಿಗೆ ಐದು ತಿಂಗಳು. ಮಗು ಬರುವುದರೊಳಗೆ ಸ್ವಂತದ್ದೊಂದು ಆಗಲಿ ಎಂದು ಹಟ ಹಿಡಿದವಳು ಅವಳೇ. ಆದರೆ ಆ ಮನೆಯೊಳಗೆ ಕಾಲಿಟ್ಟ ಮೇಲೆ ಅದನ್ನು ಕೆಡವಲು ಅವಳಿಗೆ ಮನಸ್ಸೇ ಬರುತ್ತಿಲ್ಲ. ಯಾಕೆ ಅಂದರೆ ಹೇಳಲೂ ಬಾರದು. ಅದಕ್ಕೇ ಗಂಡನನ್ನು ಎಳೆದುಕೊಂಡು ತಾತನ ಹತ್ತಿರ ಬಂದಿದ್ದಳು. ನಲವತ್ತು ವರ್ಷ ಮನೆಗಳಿಗೆ ಬೆಲೆ ಕಟ್ಟಿದ ಮನುಷ್ಯ, ಜೇಬಿನಲ್ಲಿ ಸದಾ ಅಳತೆ ಟೇಪು. ಬೀದಿಯವರ ಬಾಯಲ್ಲಿ ಟೇಪ್ ತಾತ.

ತಾತ ನಕ್ಷೆಯನ್ನು ಬತ್ತಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು.

"ಹತ್ತಿರ ಬನ್ನಿ ಇಬ್ರೂ. ಈ ಮಳೆ ಸದ್ದಿಗೆ ನನ್ನ ಗಂಟಲು ಸಾಲಲ್ಲ... ಅಳಿಯಂದ್ರೇ, ಆ ಫೋನು ಸ್ವಲ್ಪ ಪಕ್ಕಕ್ಕಿಡಿ, ಓಡಿಹೋಗಲ್ಲ ಅದು.

"ನಮ್ಮ ಕೆಲಸ ಅಂದ್ರೆ ಏನಪ್ಪಾ, ಎರಡು ಸಾಲು ಬರೆಯೋದು. ಒಂದು ಜಾಗದ ಬೆಲೆ, ಇನ್ನೊಂದು ಕಟ್ಟಡದ ಬೆಲೆ. ಜಾಗ ಬಿದ್ದಲ್ಲೇ ಬಿದ್ದಿರುತ್ತೆ, ಕಡ್ಡಿ ಎತ್ತಿ ಅತ್ಲಾಗಿಡಲ್ಲ, ಆದ್ರೂ ಅದರ ಬೆಲೆ ಏರ್ತಾನೇ ಹೋಗುತ್ತೆ. ಮನೆ, ಪಾಪ, ಮಳೆ ಬಿಸಿಲು ಎಲ್ಲಾ ತಾನೇ ತಡ್ಕೊಂಡು ಒಳಗಿನವರನ್ನ ಕಾಯುತ್ತೆ, ಅದರ ಬೆಲೆ ವರ್ಷ ವರ್ಷ ಇಳೀತಾ ಹೋಗುತ್ತೆ. ನ್ಯಾಯಾನಾ ಇದು? ಅಲ್ಲ... ಆದ್ರೆ ಲೆಕ್ಕ ಅದೇ. ಆಗ ನಂಗಿನ್ನೂ ಮೂವತ್ತಾಗಿರ್ಲಿಲ್ಲ, ತಲೆ ತುಂಬಾ ಲೆಕ್ಕವೇ. ಒಬ್ಬ ವ್ಯಾಪಾರಿ ಬಂದ, ಒಂದು ಮನೆ ತಗೊಂಡು ಕೆಡವಿ ಗೋದಾಮು ಕಟ್ತೀನಿ, ಕಟ್ಟಡಕ್ಕೆ ಸೊನ್ನೆ ಹಾಕ್ಕೊಡಿ, ಮಾರೋ ಮುದುಕ ಬೆಲೆ ಇಳಿಸ್ತಾನೆ ಅಂದ. ನಾನೇನ್ ಮಾಡ್ದೆ ಗೊತ್ತಾ? ಮನೆ ಮುಖ ನೋಡೋ ಮುಂಚೆನೇ, ಕಚೇರೀಲಿ ಕೂತು ಸೊನ್ನೆ ಬರೆದುಬಿಟ್ಟೆ. ನನ್ನ ಜನ್ಮದಲ್ಲಿ ನಾಚ್ಕೆಗೇಡಿನ ಕೆಲಸ ಅಂದ್ರೆ ಅದೊಂದೇ... ಸರಿ, ಇನ್ನೂ ಎರಡು ಮೂರು ಇರ್ಬಹುದು, ಇವತ್ತಿಗೆ ಅದೊಂದು ಸಾಕು."

ಮೊಮ್ಮಗಳು ನಕ್ಕಳು. ತಾತ ನಗಲಿಲ್ಲ.

"ಅಳತೆಗೆ ಅಂತ ಹೋದಾಗ ನಡುಮಧ್ಯಾಹ್ನ, ಸುಡು ಬಿಸಿಲು. ದೆವ್ವ ಬರೋ ಹೊತ್ತಾ ಅದು? ಮಾರೋರು ಒಬ್ಬ ವಯಸ್ಸಾದ ಮೇಸ್ತ್ರಿ, ಜಗಲಿ ಮೇಲೆ ಕೂತಿದ್ರು. ಮಂಡಿ ನೋವು ಸ್ವಾಮಿ, ಒಳಗೆ ನೀವೇ ನೋಡ್ಕೊಳ್ಳಿ ಅಂದ್ರು. ಒಬ್ಬನೇ ಅಳೆಯೋದು ದೊಡ್ಡ ರಗಳೆ. ಅಡುಗೆಮನೆ, ಅದರಾಚೆ ಕತ್ತಲೆ ಉಗ್ರಾಣ. ಉಗ್ರಾಣದ ಕೊನೇಲಿ ಟೇಪಿನ ತುದಿಗೆ ಇಟ್ಟಿಗೆ ಹೇರಿ ಈ ಕಡೆ ಬಂದು ಎಳೆದೆ. ಜಾರ್ತು, ಸಡಿಲ ಆಗಿ ನೆಲಕ್ಕೆ ಬಿತ್ತು. ಥೂ ಅಂತ ಬೈಕೊಂಡು ಏಳ್ತಿದ್ದೀನಿ... ಟೇಪು ಮೆಲ್ಲಗೆ ನೆಲ ಬಿಟ್ಟು ಮೇಲೆದ್ದು ಬಿಗಿ ಆಯ್ತು. ಯಾರೋ ಆ ತುದಿ ಹಿಡ್ಕೊಂಡ್ರು. ಮನೆಯವರು ಇರ್ಬೇಕು ಅಂದ್ಕೊಂಡು ಓದಿದೆ... ಇಪ್ಪತ್ತೂವರೆ. 'ಬಿಡಿ' ಅಂದೆ. ಬಿಟ್ರೆ ಟೇಪು ಹೇಗೆ ಬರುತ್ತೆ ಹೇಳಿ? ರಪ್ ಅಂತ ಬಂದು ಕೈಗೆ ಹೊಡೆಯುತ್ತೆ, ಅಲ್ವಾ? ಅದು ಹಾಗೆ ಬರ್ಲಿಲ್ಲ... ನಡ್ಕೊಂಡು ಬಂತು. ಹೆಜ್ಜೆ ಹೆಜ್ಜೆಗೂ ಸ್ವಲ್ಪ ಸ್ವಲ್ಪ... ಉಗ್ರಾಣದ ಬಾಗಿಲು ದಾಟಿ, ಬೆಳಕಿಗೆ ಬಂದು, ಯಾರೋ ತಂದುಕೊಟ್ಟ ಹಾಗೆ ನನ್ನ ಕೈವರೆಗೂ ಬಂತು. ಹಿಡ್ಕೊಂಡೋರು ಮಾತ್ರ ಯಾರೂ ಇಲ್ಲ!"

ಮೇಣದಬತ್ತಿ ಚಟ್ ಎಂದಿತು. ಗಂಡ ತನಗೆ ಗೊತ್ತಿಲ್ಲದಂತೆಯೇ ಹೆಂಡತಿಯ ಪಕ್ಕಕ್ಕೆ ಸರಿದ.

"ಬಿದ್ದೆನೋ ಕೆಟ್ಟೆನೋ ಅಂತ ಹೊರಗೋಡಿ ಬಂದೆ. ಮೇಸ್ತ್ರಿ ನನ್ನ ಮುಖ ನೋಡಿ 'ಎಷ್ಟು ಬಂತು?' ಅಂದ್ರು. ಇಪ್ಪತ್ತೂವರೆ ಅಂದೆ. ನಕ್ಕುಬಿಟ್ರು. 'ಇಪ್ಪತ್ತೇ ಸ್ವಾಮಿ, ಕಟ್ಟಿದೋನು ನಾನು. ಆ ಅರ್ಧ ಅಡಿ ನಮ್ಮವಳದ್ದು' ಅಂದ್ರು. ಹೆಂಡತಿ ತೀರ್ಕೊಂಡು ಆರು ವರ್ಷ ಆಗಿತ್ತಂತೆ. ಊರವರ ಮನೆ ಎಲ್ಲಾ ಕಟ್ಟಿ ಮುಗಿಸಿ, ರಜಾ ದಿನ ಬಂದ್ರೆ ಇಬ್ರೇ ಸೇರಿ ತಮ್ಮ ಮನೆ ಕಟ್ಟಿದ್ದು. ಇವರದ್ದು ಗಾರೆ ಕೆಲಸ, ಆಯಮ್ಮನದ್ದು ಟೇಪಿನ ತುದಿ. ಪಾಯಕ್ಕೆ ಗುರುತು ಹಾಕುವಾಗ, ಇವರು ನೋಡದೇ ಇದ್ರೆ ಸಾಕು, ಆಯಮ್ಮ ಅರ್ಧ ಅಡಿ ಹಿಂದಕ್ಕೆ ಸರಿದು ನಿಂತ್ಬಿಡೋರಂತೆ. ಯಾಕೇ ಅಂದ್ರೆ, 'ಮಕ್ಕಳು ಓಡಾಡೋಕೆ ಜಾಗ ಬೇಡ್ವಾ?' ಅನ್ನೋರಂತೆ. ಬೈದು ಬೈದು ಮುಂದಕ್ಕೆ ಕರೀಬೇಕಿತ್ತಂತೆ... ಮಕ್ಕಳು ಆಗ್ಲೇ ಇಲ್ಲ ಅವರಿಗೆ.

"ಆಮೇಲೆ ಕೇಳಿದ್ರು ನೋಡಿ, 'ಮನೆಗೆ ಎಷ್ಟು ಬರೆದ್ರಿ ಸ್ವಾಮಿ?' ಅಂತ. ಜಾಗದ ಮಾತೇ ಎತ್ತಲಿಲ್ಲ, ಮನೆಗೆ ಎಷ್ಟು ಅಂದ್ರು. ಸೊನ್ನೆ ನನ್ನ ಜೇಬಲ್ಲಿತ್ತು. ಹೇಗೆ ಬಾಯಿ ಬಿಡ್ಲಿ? 'ಇನ್ನೂ ನೋಡಿಲ್ಲ' ಅಂದೆ. ಆ ದಿನ ನಾನು ಆಡಿದ ಒಂದೇ ನಿಜ ಅದು. ಭಯ ಇತ್ತು, ಆದ್ರೂ ಮತ್ತೆ ಒಳಗೆ ಹೋದೆ. ಗೋಡೆ ತಟ್ಟಿದೆ, ತೊಲೆ ನೋಡಿದೆ, ಒಂದು ಕೂದಲೆಳೆ ಬಿರುಕಿದ್ರೆ ಕೇಳಿ! ಹಳೇ ಕಾಗದ ಹರಿದು, ಮನೆಗೆ ಸಲ್ಲಬೇಕಾದ ಬೆಲೆ ಬರೆದೆ. ವ್ಯಾಪಾರಿ ಬಾಯಿಗೆ ಬಂದ ಹಾಗೆ ಬೈದು ಕೈಬಿಟ್ಟ. ಮೂರು ಮಕ್ಕಳಿದ್ದ ಒಬ್ಬ ದರ್ಜಿ ತಗೊಂಡ. ಮಕ್ಕಳು ಓಡಾಡಿದ್ರಪ್ಪಾ... ಮನೆ ತುಂಬಾ ಓಡಾಡಿದ್ರು."

ಮಳೆ ಸ್ವಲ್ಪ ಇಳಿದಿತ್ತು.

"ಆ ಮನೆ ಈಗ್ಲೂ ಇದ್ಯಾ ತಾತ?" ಎಂದ ಗಂಡ.

ತಾತ ತೊಡೆಯ ಕೆಳಗಿಂದ ನಕ್ಷೆ ತೆಗೆದು ಅವನ ಕೈಗಿಟ್ಟರು. "ನಾಳೆವರೆಗಂತೂ ಇದೆ."

ಮೊಮ್ಮಗಳು ಗಂಡನ ತೋಳು ಹಿಡಿದಳು. "ರೀ, ಮೊನ್ನೆ ನಾನು ಅಡುಗೆಮನೇಲಿ ನಿಂತು ಟೇಪು ಓದುವಾಗ, ಉಗ್ರಾಣದಲ್ಲಿ ತುದಿ ಹಿಡ್ಕೊಂಡಿದ್ದು ನೀವೇ ತಾನೇ?"

"ಇಲ್ಲ ಕಣೇ... ನಾನು ಗೇಟ್ ಹತ್ತಿರ ಫೋನಲ್ಲಿದ್ದೆ."

ಅವಳಿಗೆ ಹೆದರಿಕೆಯಾಗಬೇಕಿತ್ತು. ಆದರೆ ಯಾರೋ ತಲೆ ಸವರಿದಷ್ಟು ಹಿತವಾಯಿತು, ಕಣ್ಣಲ್ಲಿ ನೀರು ಬಂತು. ಗಂಡ ನಕ್ಷೆಯನ್ನೇ ನೋಡುತ್ತ ಕೂತಿದ್ದು, ಕೊನೆಗೆ ಫೋನು ತೆಗೆದು ಕೆಡವುವವನಿಗೆ ನಾಳೆ ಬರಬೇಡ ಎಂದ. ನಾಡಿದ್ದು ಬರಲೇ ಎಂದು ಅವನು ಕೇಳಿದ್ದಕ್ಕೆ, ಬೇಡವೇ ಬೇಡ ಎಂದು ಇಟ್ಟುಬಿಟ್ಟ.

ತಾತ ಜೇಬಿನಿಂದ ತಮ್ಮ ಟೇಪು ತೆಗೆದು ಮೊಮ್ಮಗಳ ಮಡಿಲಿಗೆ ಹಾಕಿದರು.

"ಬೆಳಿಗ್ಗೆ ಹೋದಾಗ ಇನ್ನೊಂದ್ಸಲ ಅಳೆದು ನೋಡು ಪುಟ್ಟಿ. ಮುಗಿದ ಮೇಲೆ 'ಬಿಡಮ್ಮಾ' ಅನ್ನು. ಎಳ್ಕೋಬೇಡ... ತಾನೇ ತಂದ್ಕೊಡ್ತಾಳೆ. ಮತ್ತೆ, ತುದಿ ನಿನ್ನ ಕೈಗೆ ಬರದೆ ಹೊಟ್ಟೆ ಹತ್ತಿರ ಬಂದು ನಿಂತ್ರೆ ಹೆದರ್ಕೋಬೇಡ. ಅರ್ಧ ಅಡಿ ಯಾರಿಗೆ ಅಂತ ಆಯಮ್ಮನಿಗೆ ಗೊತ್ತು."